ಕಮರಿಯಲ್ಲಿ ಯಾರಿಗೆ ಕಿವಿ ಕೇಳುತ್ತೆ?

ದೋಣಿಯಕ್ಕನಿಗೆ ಕಿವಿ ಕೇಳಿಸೋದಿಲ್ಲ ಅನ್ನೋದು ಊರಿಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ಎಲ್ಲರೂ ಅವಳ ಮುಂದೆ ನಿಂತು ಗಂಟಲು ಹರಿಯುವ ಹಾಗೆ ಅರಚುತ್ತಿದ್ದರು. "ಅಯ್ಯೋ ನಿಮ್ಮ, ಅರಚಿದ್ರೆ ಬಾಯಿ ಸೊಟ್ಟ ಆಗುತ್ತೆ. ಸೊಟ್ಟ ಬಾಯಿ ಓದೋಕೆ ಆಗಲ್ಲ. ಮೆಲ್ಲಗೆ ಮಾತಾಡಿ" ಅಂತ ಅವಳು ಹೇಳಿದರೆ, "ಏನಂದ್ರಿ?" ಅಂತ ಅವರೇ ಕಿವಿಗೆ ಕೈ ಹಿಡಿಯುತ್ತಿದ್ದರು. ಈಗ ನೀವೇ ಹೇಳಿ, ಇವರಲ್ಲಿ ಕಿವುಡರು ಯಾರು?

ಹುಟ್ಟು ಕಿವುಡಿಯೇನಲ್ಲ ಅವಳು. ಐವತ್ತರ ಹತ್ತಿರ ಒಂದು ಕೆಟ್ಟ ಜ್ವರ ಬಂತು. ಮನೆಯವರೆಲ್ಲ ಜೀವ ಹೋಗುತ್ತೆ ಅಂತ ಹೆದರಿ ಕೂತರು. ಜ್ವರ ಜೀವ ಬಿಟ್ಟು ಕಿವಿ ತಗೊಂಡು ಹೋಯಿತು. ಡಾಕ್ಟರು ಕಿವಿಗೊಂದು ಮೆಷಿನ್ ಕೊಟ್ಟರು. ಹಾಕಿಕೊಂಡರೆ ಪಾತ್ರೆ ಬಿದ್ದ ಸದ್ದು, ಬಸ್ಸಿನ ಹಾರನ್ನು, ಪಕ್ಕದ ಮನೆಯ ನಾಯಿ ಎಲ್ಲ ಒಟ್ಟಿಗೆ ತಲೆಯೊಳಗೆ ನುಗ್ಗುತ್ತಿದ್ದವು, ಮಾತು ಮಾತ್ರ ಬರುತ್ತಿರಲಿಲ್ಲ. ಅದನ್ನು ತೆಗೆದು ಸಕ್ಕರೆ ಡಬ್ಬಿಯ ಪಕ್ಕ ಇಟ್ಟವಳು ಮತ್ತೆ ಮುಟ್ಟಲಿಲ್ಲ.

ಅವಳ ಗಂಡ ಕ್ಷೌರದಂಗಡಿ ಇಟ್ಟಿದ್ದ. ಜ್ವರ ಬಿಟ್ಟ ಮೇಲೆ ಕೆಲವು ತಿಂಗಳು ಮನೆಯಲ್ಲಿ ಕೂತು ಕೂತು ಅವಳಿಗೆ ಹುಚ್ಚು ಹಿಡಿಯುವ ಹಾಗಾಯಿತು. "ಬಾರೇ, ಅಂಗಡಿಗಾದ್ರೂ ಬಾ" ಅಂತ ಕರೆದುಕೊಂಡು ಹೋದ. ಅಲ್ಲಿ ಗೋಡೆ ಬದಿಯ ಬೆಂಚಿನ ಮೇಲೆ ಕೂತು ಅವಳು ಕನ್ನಡಿ ನೋಡುತ್ತಿದ್ದಳು. ಕುರ್ಚಿಯಲ್ಲಿ ಕೂತವರು ಕನ್ನಡಿ ನೋಡಿಕೊಂಡೇ ಮಾತಾಡುತ್ತಾರಲ್ಲ, ಹಾಗಾಗಿ ಅವರ ಬಾಯಿ, ಕಣ್ಣು, ಹುಬ್ಬು ಎಲ್ಲ ಅವಳ ಎದುರಿಗೇ ಇರುತ್ತಿದ್ದವು. ನೊರೆ ಹಚ್ಚಿದ ಮುಖದಲ್ಲಿ ತುಟಿ ಓದುವುದನ್ನು ಅವಳು ಹಾಗೆ ಕಲಿತಳು. ಅದಕ್ಕಿಂತ ಹೆಚ್ಚಾಗಿ ಇನ್ನೊಂದನ್ನು ಕಲಿತಳು: ಬಾಯಿ ಒಂದು ಹೇಳುವಾಗ ಮುಖ ಇನ್ನೊಂದು ಹೇಳುತ್ತಿರುತ್ತೆ. "ಮನೆಯಲ್ಲಿ ಎಲ್ಲ ಆರಾಮ" ಅನ್ನುವ ಗಿರಾಕಿಯನ್ನು ನೋಡಿ, ಅವನು ಹೋದ ಮೇಲೆ, "ರೀ, ಅವನ ಮನೇಲಿ ಏನೂ ಆರಾಮಿಲ್ಲ" ಅನ್ನುತ್ತಿದ್ದಳು. "ನಿನ್ನ ಮುಂದೆ ಸುಳ್ಳು ಹೇಳೋ ಕಾಲ ಮುಗೀತಲ್ಲೇ" ಅಂತ ಗಂಡ ಕತ್ತಿ ಮಸೆಯುತ್ತಿದ್ದ.

ಆದರೆ ಅವಳ ಕೆಲಸ ಅದಲ್ಲ. ಅವಳ ಕೆಲಸ ಹೊಳೆ.

ಊರ ಹೊರಗೆ ಸುಣ್ಣಕಲ್ಲಿನ ಬೆಟ್ಟ. ಅದನ್ನು ನಡುವೆ ಸೀಳಿಕೊಂಡು ಒಂದು ಹೊಳೆ ಇಳಿಯುತ್ತೆ. ಸಣ್ಣ ಹೊಳೆ, ಸಿಟ್ಟು ದೊಡ್ಡದು. ಎರಡೂ ಕಡೆ ಬಿಳಿ ಗೋಡೆ, ಅದರ ತುಂಬ ನೀರು ಕೊರೆದ ಪೊಟರೆಗಳು, ಕೆಲವು ಪೊಟರೆಗಳಿಂದ ತಣ್ಣನೆಯ ಬುಗ್ಗೆಗಳು ಧುಮುಕುತ್ತವೆ. ಕೆಲವು ಕಡೆ ಗೋಡೆಗಳು ಎಷ್ಟು ಹತ್ತಿರ ಬರುತ್ತವೆ ಅಂದರೆ, ಮೇಲೆ ನೋಡಿದರೆ ಆಕಾಶ ಒಂದು ರಿಬ್ಬನ್ನಿನಷ್ಟು. ನೀರು ನಿಂತಲ್ಲಿ ಹಸಿರು, ಓಡಿದಲ್ಲಿ ಬರೀ ನೊರೆ. ಅವಳ ಅಪ್ಪ ಅಲ್ಲಿ ದೋಣಿ ಶೆಡ್ ಹಾಕಿ, ಜನರನ್ನು ಗಾಳಿ ತುಂಬಿದ ರಬ್ಬರ್ ರಾಫ್ಟಿನಲ್ಲಿ ಕೂರಿಸಿ ಕಮರಿ ತೋರಿಸುವ ಕೆಲಸ ಶುರು ಮಾಡಿದ್ದ. ಮಗಳಿಗೂ ಮಗನಿಗೂ ಒಟ್ಟಿಗೇ ಹುಟ್ಟು ಹಾಕಲು ಕಲಿಸಿದ. ಮಗಳು ಬೇಗ ಕಲಿತಳು. ಮಗ ಚೆನ್ನಾಗಿ ಮಾತಾಡಲು ಕಲಿತ. ಅಪ್ಪ ಹೋದ ಮೇಲೆ ಶೆಡ್ಡಿನ ಯಜಮಾನಿಕೆ ಮಾತಾಡುವವನ ಕೈಗೆ ಹೋಯಿತು. ಅದರಲ್ಲಿ ಆಶ್ಚರ್ಯ ಏನಿದೆ?

ಕಮರಿಯೊಳಗೆ ನೀರಿನ ಅಬ್ಬರಕ್ಕೆ ಪಕ್ಕದಲ್ಲಿದ್ದವನ ಮಾತೂ ಕೇಳಿಸದು. ಅದಕ್ಕೇ ದೋಣಿಯವರ ಮಾತೆಲ್ಲ ಹುಟ್ಟಿನಲ್ಲಿ, ಕೈಯಲ್ಲಿ. ಮುಂದೆ ಹೋದವನು ಕೈಯಾಡಿಸಿ ದಾರಿ ಹೇಳಬೇಕು, ಹಿಂದಿನವರು ಹಾಗೆಯೇ ಬರಬೇಕು. ಅಪ್ಪ ಮೊದಲ ದಿನವೇ ತಲೆಗೆ ಮೊಟಕಿ ಕಲಿಸಿದ ಪಾಠ ಒಂದೇ: "ಅಪಾಯದ ಕಡೆ ಯಾವತ್ತೂ ಕೈ ತೋರಿಸಬೇಡ. ಹೋಗಬೇಕಾದ ಕಡೆ ಮಾತ್ರ ತೋರಿಸು. ಬಂಡೆ ತೋರಿಸಿದ್ರೆ ಹಿಂದೆ ಬರೋನು ನೆಟ್ಟಗೆ ಬಂಡೆಗೇ ಬರ್ತಾನೆ." ನೆಲದ ಮೇಲೆ ಇದು ತಮಾಷೆಯ ಹಾಗೆ ಕಾಣುತ್ತೆ. ಹಾವು ಕಂಡರೆ ಯಾರಾದರೂ ಹಾವಿನ ಕಡೆಗೇ ಕೈ ಮಾಡುತ್ತಾರೆ. ನೀರಿನಲ್ಲಿ ಹಾಗೆ ಮಾಡಿದವನು ಹಿಂದಿನವನನ್ನು ಕೊಂದ ಹಾಗೆ.

ಜ್ವರದ ನಂತರವೂ ಅವಳು ಒಂದು ವರ್ಷ ರಾಫ್ಟ್ ನಡೆಸಿದಳು. ಯಾವ ತೊಂದರೆಯೂ ಆಗಲಿಲ್ಲ, ಒಂದು ಟೋಪಿ ಬೀಳುವವರೆಗೆ. ಮುಂದೆ ಕೂತಿದ್ದ ದಢೂತಿ ಗಿರಾಕಿಯೊಬ್ಬನ ಟೋಪಿ ನೀರಿಗೆ ಬಿತ್ತು. "ನಿಲ್ಸಿ, ನಿಲ್ಸಿ" ಅಂತ ಕೂಗಿದನಂತೆ. ಅವಳಿಗೆ ಕೇಳಿಸಲಿಲ್ಲ. ದಡಕ್ಕೆ ಬಂದವನೇ ಶೆಡ್ಡಿನ ಯಜಮಾನನಾದ ಅವಳ ತಮ್ಮನ ಮುಂದೆ ಹಾರಾಡಿದ. "ಕಿವುಡಿ ಕೈಗೆ ನಮ್ಮ ಜೀವ ಕೊಟ್ಟಿದ್ದೀರಲ್ರೀ!" ಹೋಗಿದ್ದು ಟೋಪಿ, ಮಾತು ಬಂದದ್ದು ಜೀವಕ್ಕೆ.

ಆ ಸಂಜೆ ತಮ್ಮ ಅವಳನ್ನು ಶೆಡ್ಡಿನ ಬಾಗಿಲಲ್ಲಿ ನಿಲ್ಲಿಸಿಕೊಂಡ.

"ಅಕ್ಕ, ಇವತ್ತು ಟೋಪಿ. ನಾಳೆ ಯಾರೋ ಮಗು ಬಿದ್ದು ಕೂಗಿದ್ರೆ ಏನು ಮಾಡ್ತೀಯ?"

"ಮಗು ಬಿದ್ರೆ ಕೂಗೋಕೆ ಮುಂಚೆ ನನ್ನ ಕಣ್ಣಿಗೆ ಬಿದ್ದಿರುತ್ತೆ. ಅಲ್ವೋ, ಕಮರಿಯಲ್ಲಿ ಯಾರಿಗೆ ಕಿವಿ ಕೇಳುತ್ತೆ? ನಿನಗೆ ಕೇಳುತ್ತಾ?"

ಅವನು ಕೈಯಿಂದ ಶೆಡ್ಡಿನ ಒಳಗೆ ತೋರಿಸಿದ. "ನೀನು ಇನ್ಮೇಲೆ ಶೆಡ್ ನೋಡ್ಕೋ. ಹೇಗೂ ವಯಸ್ಸಾಯ್ತು" ಅಂದ. ಕಿವಿಯ ಮಾತು ಅವಳಿಗೆ ಅಷ್ಟು ನಾಟಲಿಲ್ಲ. ಆ 'ಹೇಗೂ' ಇದೆಯಲ್ಲ, ಅದು ಉರಿಯಿತು. ಅಪ್ಪ ಇದ್ದಿದ್ದರೆ ನಾಲಿಗೆ ಕೀಳುತ್ತಿದ್ದ. ಅವನು ಅವಳ ಹೆಲ್ಮೆಟ್ಟನ್ನು ಎದುರಿನ ಮೊಳೆಯಿಂದ ತೆಗೆದು ಒಳಕೋಣೆಗೆ ಹಾಕಿದಾಗ ಅವಳಿಗೆ ಅಳು ಬಂತು. ಆದರೆ ಅವನ ಮುಂದೆ ಅಳುವ ಹೆಂಗಸು ಅವಳಲ್ಲ, ಮನೆಗೆ ಹೋಗಿ ಈರುಳ್ಳಿ ಹೆಚ್ಚುತ್ತ ಅತ್ತಳು.

ಆ ವರ್ಷವೆಲ್ಲ ಅವಳು ಶೆಡ್ಡಿನಲ್ಲಿ ತೇಪೆ ಹಾಕಿದಳು. ಹರಿದ ರಬ್ಬರನ್ನು ಉಪ್ಪುಕಾಗದದಲ್ಲಿ ಉಜ್ಜಿ ಒರಟು ಮಾಡುವುದು, ಒರೆಸುವುದು, ಅಂಟು ಬಳಿಯುವುದು, ಬೆರಳಿನ ಹಿಂಭಾಗಕ್ಕೆ ಅಂಟದಷ್ಟು ಒಣಗುವವರೆಗೆ ಕಾಯುವುದು, ತೇಪೆ ಇಟ್ಟು ಉರುಳೆಯಿಂದ ಒತ್ತುವುದು. ಕೆಲಸ ಕೀಳು ಅಂತಲ್ಲ, ಅವಳ ತೇಪೆ ಬಿಟ್ಟುಬಂದದ್ದೇ ಇಲ್ಲ. ಆದರೆ ದಿನಾ ಬೆಳಿಗ್ಗೆ ಬೇರೆಯವರು ದೋಣಿ ಹೊತ್ತು ಹೋಗುವುದನ್ನು ಅಂಟಿನ ವಾಸನೆಯಲ್ಲಿ ಕೂತು ನೋಡಬೇಕಲ್ಲ! ತಮ್ಮನ ಹೆಂಡತಿ ಬಂದು, "ಬಿಡಿ ಅತ್ತಿಗೆ, ಬಿಸಿಲಿಲ್ಲ, ನೀರಿಲ್ಲ, ಆರಾಮಾಗಿದ್ದೀರಿ" ಅಂದಳು. ಒಳ್ಳೆಯ ಮನಸ್ಸಿನಿಂದಲೇ ಅಂದಳು ಪಾಪ. ದೋಣಿಯಕ್ಕನಿಗೆ ಬಂದ ಕೋಪ ನೋಡಿ ಉರುಳೆಯೇ ಹೆದರಿರಬೇಕು.

ಮಳೆಗಾಲ ಮುಗಿಯಿತು. ಪ್ರವಾಹ ಇಳಿದ ಮೇಲೆ, ಗಿರಾಕಿಗಳನ್ನು ಕರೆದುಕೊಂಡು ಹೋಗುವ ಮುಂಚೆ, ಶೆಡ್ಡಿನವರೆಲ್ಲ ಒಬ್ಬೊಬ್ಬರೇ ಕೂರುವ ಸಣ್ಣ ದೋಣಿಗಳಲ್ಲಿ, ಅಂದರೆ ಕಯಾಕುಗಳಲ್ಲಿ, ಒಂದು ಸಲ ಕಮರಿ ಇಳಿಯುತ್ತಾರೆ. ಪ್ರವಾಹ ಯಾವ ಬಂಡೆ ಉರುಳಿಸಿದೆ, ಎಲ್ಲಿ ಮರ ಸಿಕ್ಕಿಸಿದೆ ಅಂತ ನೋಡುವ ದಿನ ಅದು. 'ದಾರಿ ನೋಡೋದು' ಅನ್ನುತ್ತಾರೆ. ಆ ದಿನ ಹೊಳೆಗಿಳಿಯದವರು ಆ ವರ್ಷ ಗಿರಾಕಿಗಳ ರಾಫ್ಟ್ ಮುಟ್ಟುವಂತಿಲ್ಲ, ಅಪ್ಪನ ಕಾಲದ ಕಟ್ಟಳೆ. ಕಳೆದ ವರ್ಷ ತಪ್ಪಿತ್ತು. ಈ ವರ್ಷವೂ ತಪ್ಪಿದರೆ ಅವಳಿಗೆ ಹೊಸ ಹೊಳೆಯ ಪರಿಚಯವೇ ಇರೋದಿಲ್ಲ, ಆಮೇಲೆ ಯಾರೂ ಬೇಡ ಅನ್ನಬೇಕಾಗಿಲ್ಲ, ತಾನಾಗಿಯೇ ಹೊರಗಾಗುತ್ತಾಳೆ. ಇದು ಅವಳಿಗೂ ಗೊತ್ತಿತ್ತು, ತಮ್ಮನಿಗೂ ಗೊತ್ತಿತ್ತು. ಅದಕ್ಕೇ ಅವನು ದಿನ ಯಾವುದು ಅಂತ ಅವಳಿಗೆ ಹೇಳಲಿಲ್ಲ.

ಹೇಳದಿದ್ದರೇನು? ಹಿಂದಿನ ದಿನ ಗಡ್ಡ ಮಾಡಿಸಿಕೊಳ್ಳಲು ಬಂದ ಬಡಗಿ, ಕಾಲಕ್ಕೆ ತಕ್ಕಂತೆ ಬಡಗಿಯೂ ದೋಣಿಯವನೂ ಆಗಿರುವ ಮನುಷ್ಯ, ಕನ್ನಡಿಯಲ್ಲಿ ಎಲ್ಲ ಹೇಳಿಬಿಟ್ಟ. ಬೆಂಚಿನ ಮೇಲೆ ಯಾರು ಕೂತಿದ್ದಾರೆ ಅಂತ ಅವನಿಗೆ ಗೊತ್ತಿತ್ತೋ ಇಲ್ಲವೋ. ಗೊತ್ತಿತ್ತು ಅಂತಲೇ ನನ್ನ ಲೆಕ್ಕ.

ಬೆಳಿಗ್ಗೆ ಅವಳು, ಹಿಂದಿನ ಸಂಜೆಯೇ ಶೆಡ್ಡಿನ ಒಳಕೋಣೆಯಿಂದ ತಂದಿಟ್ಟುಕೊಂಡಿದ್ದ ಹೆಲ್ಮೆಟ್ ಬಿಗಿದು, ಲೈಫ್ ಜಾಕೆಟ್ ಹಾಕಿ, ತನ್ನ ಹಳೆಯ ಕಯಾಕನ್ನು ಹೆಗಲಿಗೇರಿಸಿದಳು. ಗಂಡ ಬಾಗಿಲಲ್ಲಿ ನಿಂತಿದ್ದ.

"ಹೋಗ್ಲೇಬೇಕಾ?"

"ಹೂಂ."

"ಹೋಗ್ಬೇಡ ಅಂದ್ರೆ?"

"ಕೇಳ್ಸಲ್ಲ ರೀ, ನನಗೆ ಕಿವಿ ಇಲ್ಲ."

ಅವನು ನಕ್ಕ. ನಕ್ಕರೂ ಕಣ್ಣು ನಗುತ್ತಿರಲಿಲ್ಲ, ಅದೂ ಅವಳಿಗೆ ಕಂಡಿತು. ಅವಳು ಅವನ ಕೆನ್ನೆ ತಟ್ಟಿ ಹೊರಟಳು. ಬೇಕರಿ, ಸೈಕಲ್ ರಿಪೇರಿ ಅಂಗಡಿ, ಬಸ್ ಸ್ಟ್ಯಾಂಡು ದಾಟಿಕೊಂಡು, ತಲೆಯ ಪಕ್ಕ ದೋಣಿ ಹೊತ್ತು ನಡುಬೀದಿಯಲ್ಲಿ ನಡೆದಳು. ಜನ ಏನೇನೋ ಅಂದರು. ಅವಳು ಯಾರ ಬಾಯಿಯ ಕಡೆಗೂ ನೋಡಲಿಲ್ಲ.

ಹೊಳೆ ದಡದಲ್ಲಿ ತಮ್ಮ, ಬಡಗಿ, ಮತ್ತೆ ಮೇಷ್ಟ್ರು ಇದ್ದರು. ಮೇಷ್ಟ್ರು ಶಾಲೆಯಲ್ಲಿ ಆಟ ಕಲಿಸುವವರು, ರಜೆಯಲ್ಲಿ ಶೆಡ್ಡಿಗೆ ಬರುತ್ತಾರೆ. ಅವಳನ್ನು ನೋಡಿದ್ದೇ ತಮ್ಮನ ಮುಖ ಗಂಟಾಯಿತು.

"ಅಕ್ಕ, ಮನೆಗೆ ಹೋಗು."

"ಯಾಕೆ? ಹೊಳೆ ಏನು ನಿಮ್ಮಪ್ಪಂದಾ?"

"ಅಕ್ಕ!"

"ನಿಮ್ಮಪ್ಪಂದೇ ಆದ್ರೆ ನನಗೂ ಪಾಲಿದೆ. ದಾರಿ ಬಿಡು."

ಮೇಷ್ಟ್ರು ನಗು ತಡೆಯಲಾರದೆ ಹೆಲ್ಮೆಟ್ಟಿನ ಬೆಲ್ಟು ಸರಿಮಾಡಿಕೊಳ್ಳುವ ಹಾಗೆ ತಲೆ ತಗ್ಗಿಸಿದರು. ತಮ್ಮ ಸೊಂಟದ ಮೇಲೆ ಕೈಯಿಟ್ಟು ಅಡ್ಡ ನಿಂತ. ಎಳೆದು ಹಿಡಿಯುವುದಕ್ಕಂತೂ ಆಗದು, ಅವಳ ಹೆಗಲು ಅವನದ್ದಕ್ಕಿಂತ ಅಗಲ. "ಎಲ್ಲರಿಗಿಂತ ಹಿಂದೆ ಬಾ. ಏನಾದ್ರೂ ಆದ್ರೆ ನನ್ನನ್ನ ಕೇಳ್ಬೇಡ" ಅಂದ. ಅವಳು ಆಗಲೇ ನೀರಿನಲ್ಲಿದ್ದಳು.

ಒಂದು ವರ್ಷದ ಮೇಲೆ ನೀರು ಅವಳನ್ನು ಹೊತ್ತುಕೊಂಡಿತು. ಕಾಲ ಕೆಳಗೆ ದೋಣಿ ಜೀವ ಬಂದ ಹಾಗೆ ನಡುಗಿತು. ನೊರೆ ಮುಖಕ್ಕೆ ಹೊಡೆಯಿತು, ಬಿಳಿ ಗೋಡೆಗಳು ಎರಡೂ ಕಡೆ ಎದ್ದವು, ಬುಗ್ಗೆಯ ತಣ್ಣೀರು ಕುತ್ತಿಗೆಯ ಮೇಲೆ ಸುರಿಯಿತು. ಗೋಡೆಯ ಮೇಲೆ ಪ್ರವಾಹ ಬಿಟ್ಟ ಕೆಸರು ಗೆರೆ ಅವಳ ತಲೆಗಿಂತ ಎಷ್ಟೋ ಮೇಲಿತ್ತು. ಸದ್ದು ಇಲ್ಲ ಅನ್ನುವುದು ಬಿಟ್ಟರೆ ಎಲ್ಲ ಮೊದಲಿನ ಹಾಗೇ ಇತ್ತು, ಅಬ್ಬರವಂತೂ ಎದೆಗೂಡಿನಲ್ಲೇ ತಿಳಿಯುತ್ತಿತ್ತು. ಅವಳು ಒಬ್ಬಳೇ ಜೋರಾಗಿ ನಕ್ಕಳು. ಯಾರಿಗೂ ಕೇಳಿಸಲಿಲ್ಲ, ಕಿವಿ ಇದ್ದವರಿಗೂ.

ಕಮರಿಯ ನಡುವೆ 'ಗಂಟಲು' ಅಂತ ಒಂದು ಜಾಗ. ಅಲ್ಲಿ ಮನೆಯಷ್ಟು ದೊಡ್ಡ ಬಂಡೆಯೊಂದು ಹೊಳೆಯನ್ನು ಎರಡು ಮಾಡುತ್ತೆ. ಎಡಕ್ಕೆ ಗೋಡೆಯ ಬುಡ ಹಿಡಿದು ಹೋಗುವ ದಾರಿ, ಎಲ್ಲರೂ ಯಾವಾಗಲೂ ಹೋಗುವುದು ಅದೇ. ಬಲಕ್ಕೆ ನೀರು ಒಂದಾಳೆತ್ತರ ಧುಮುಕುತ್ತೆ, ಅಪ್ಪನ ಕಾಲದ ನಂತರ ಆ ಕಡೆ ಹೋಗುವ ಉಸಾಬರಿ ಯಾರಿಗೂ ಬೇಕಾಗಿರಲಿಲ್ಲ. ದಡದಲ್ಲಿ ನಡೆದು ನೋಡೋಣ ಅಂದರೆ ದಡವೇ ಇಲ್ಲ. ಮುಂದಿನವನು ಇಳಿದು, ಬಂಡೆ ದಾಟಿ ಕೆಳಗಿನ ಕಲ್ಲುಜಗಲಿಯ ಮೇಲೆ ಹತ್ತಿ ಕೈ ತೋರಿಸಬೇಕು. ಉಳಿದವರು ಮೇಲೆ, ಗೋಡೆಯ ಮರೆಯಲ್ಲಿ ನೀರು ನಿಂತ ಜಾಗದಲ್ಲಿ ಕಾಯಬೇಕು.

ತಮ್ಮ ಎಡಕ್ಕೆ ಹೋದ. ಬಂಡೆಯ ಹಿಂದೆ ಮರೆಯಾದ. ಮೂವರೂ ಕಾದರು. ಎಂದಿಗಿಂತ ಜಾಸ್ತಿಯೇ ಹೊತ್ತಾಯಿತು. ಕೊನೆಗೆ ಅವನು ಜಗಲಿಯ ಮೇಲೆ ಎದ್ದು ನಿಂತ. ಕೈಯಲ್ಲಿ ಹುಟ್ಟು ಇರಲಿಲ್ಲ. ಬಲಗೈ ಚಾಚಿ ಎಡದಾರಿಯ ಕಡೆಗೆ ತೋರಿಸಿದ. ಮತ್ತೆ ತೋರಿಸಿದ. ಕೈ ಕಿತ್ತು ಬರುವ ಹಾಗೆ ತೋರಿಸಿದ.

ಬಡಗಿ ತಲೆಯಾಡಿಸಿ ದೋಣಿ ತಿರುಗಿಸಿದ. ಸರಿಯಾಗಿಯೇ ಮಾಡಿದ, ಕಲಿಸಿದ್ದೇ ಹಾಗೆ. ಮುಂದಿನವನ ಕೈ ನೋಡು, ಕೈ ಹೇಳಿದ ಕಡೆ ಹೋಗು. ಅವನು ಕೈ ನೋಡಿದ, ಮೇಷ್ಟ್ರು ಕೈ ನೋಡಿದರು.

ಅವಳು ಮುಖ ನೋಡಿದಳು.

ಎರಡು ವರ್ಷದಿಂದ ಅವಳು ಯಾರನ್ನು ನೋಡಿದರೂ ಮೊದಲು ನೋಡುತ್ತಿದ್ದುದು ಮುಖವನ್ನೇ. ಅದೂ ಈ ಮುಖ! ತೊಟ್ಟಿಲಿನಿಂದ ನೋಡಿದ ಮುಖ. ಚಿಕ್ಕವನಿದ್ದಾಗ ನೆರೆಮನೆಯ ಹುಲ್ಲಿನ ಬಣವೆಗೆ ಬೆಂಕಿ ತಗುಲಿಸಿ ಓಡಿಬಂದು ಅವಳ ಬೆನ್ನ ಹಿಂದೆ ನಿಂತಾಗ ಇದ್ದ ಮುಖ ಅದು, ಬಿಳಿಚಿಕೊಂಡು, ಕಣ್ಣು ಕಿತ್ತು ಬರುವ ಹಾಗೆ. 'ಬನ್ನಿ' ಅನ್ನುವ ಮನುಷ್ಯನ ಮುಖ ಹಾಗಿರೋದಿಲ್ಲ. ಅವನು ದಾರಿ ತೋರಿಸುತ್ತಿಲ್ಲ. ಅಪ್ಪನ ಮೊದಲ ಪಾಠವನ್ನೇ ಮರೆತು, ಹೆದರಿದ ಮನುಷ್ಯ ಹಾವು ತೋರಿಸುವ ಹಾಗೆ, ಅಪಾಯ ತೋರಿಸುತ್ತಿದ್ದಾನೆ.

ಬಡಗಿ ಆಗಲೇ ಹೊರಟಿದ್ದ. ಕೂಗಿ ಪ್ರಯೋಜನವಿಲ್ಲ ಅನ್ನುವುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವಳು ಮೇಷ್ಟ್ರ ಕಡೆ ತಿರುಗಿ ಹುಟ್ಟನ್ನು ತಲೆಯ ಮೇಲೆ ಅಡ್ಡ ಹಿಡಿದಳು. ನಿಲ್ಲಿ ಅಂತ. ಮರುಕ್ಷಣ ನೀರಿಗೆ ಹುಟ್ಟು ಹೂತು ಎಳೆದಳು, ಹೆಗಲ ಕೀಲು ಕಿರುಗುಟ್ಟುವ ಹಾಗೆ ಎಳೆದಳು. ಬಂಡೆಗೆ ಇನ್ನೇನು ಸ್ವಲ್ಪವೇ ದೂರ ಅನ್ನುವಾಗ ಬಡಗಿಯ ದೋಣಿಯ ಎಡಪಕ್ಕೆಗೆ ತನ್ನ ದೋಣಿಯ ಮೂತಿಯನ್ನು ಧಡ್ ಅಂತ ಗುದ್ದಿದಳು. ಬಡಗಿ ಬೆಚ್ಚಿ ತಿರುಗಿ ಅವಳನ್ನು ನೋಡಿದ. ಅವಳು ಬಲಕ್ಕೆ ಕೈ ತೋರಿಸಿದಳು. ಬಲಕ್ಕೆ, ಬಲಕ್ಕೆ! ಅವನ ಬಾಯಿಂದ ಬಂದ ಬೈಗುಳವನ್ನು ಅವಳು ಸ್ಪಷ್ಟವಾಗಿ ಓದಿದಳು. ಇಲ್ಲಿ ಬರೆಯುವಂಥದ್ದಲ್ಲ.

ಇಬ್ಬರೂ ಒಬ್ಬರ ಹಿಂದೊಬ್ಬರು ಬಲಕ್ಕೆ ಧುಮುಕಿದರು. ಅವಳು ಮುಂದಕ್ಕೆ ಬಾಗಿ ಬಿದ್ದಳು, ಹಸಿರು ಕತ್ತಲೆಯಲ್ಲಿ ಮುಳುಗಿದಳು, ಎದ್ದಳು. ಬಡಗಿ ದೋಣಿ ಸಮೇತ ಬೋರಲಾಗಿ ಬಂದ. ಒಂದು ಸಲ ಹೊರಳಲು ನೋಡಿ ಆಗಲಿಲ್ಲ, ಎರಡನೇ ಸಲಕ್ಕೆ ಕೆಮ್ಮುತ್ತ ಮೇಲೆ ಬಂದ. ಅವನು ಬದುಕಿದ್ದಾನೆ ಅಂತ ನೋಡಿಕೊಂಡು, ಅವಳು ದೋಣಿಯಿಂದಿಳಿದು ಜಗಲಿ ಹತ್ತಿದಳು. ಮೇಲೆ ಕಾಯುತ್ತಿದ್ದ ಮೇಷ್ಟ್ರಿಗೆ ಹುಟ್ಟನ್ನು ಬಲದಾರಿಯ ಕಡೆ ಚಾಚಿ ತೋರಿಸಿದಳು. ಅವರು ಬಲಕ್ಕೇ ಬಂದರು.

ಆಮೇಲೆ ಎಡದಾರಿಯನ್ನು ನೋಡಿದಳು. ಬೇರು ಸಮೇತ ಬಂದ ಮರವೊಂದು ಗೋಡೆಗೂ ಬಂಡೆಗೂ ನಡುವೆ ಅಡ್ಡ ಸಿಕ್ಕಿಕೊಂಡಿತ್ತು. ನೀರು ಕೊಂಬೆಗಳ ಮೂಲಕ ತೂರಿ ಹೋಗುತ್ತಿತ್ತು, ಮನುಷ್ಯ ತೂರಿ ಹೋಗುವಷ್ಟು ಜಾಗ ಇರಲಿಲ್ಲ. ತಮ್ಮನ ಹುಟ್ಟು ಅದರಲ್ಲೇ ಸಿಕ್ಕಿ ಅಲುಗಾಡುತ್ತಿತ್ತು. ಅವನು ಹೇಗೆ ಪಾರಾದನೋ ಅವನಿಗೂ ಗೊತ್ತಿರಲಿಲ್ಲ. ಮೊಣಕೈ ಕಿತ್ತು ರಕ್ತ ಸುರಿಯುತ್ತಿತ್ತು. ಬಡಗಿ ಮರವನ್ನು ನೋಡಿದ, ತಮ್ಮನನ್ನು ನೋಡಿದ, ಮತ್ತೆ ಮರವನ್ನು ನೋಡಿದ. ಕಲ್ಲಿನ ಮೇಲೆ ಕೂತುಬಿಟ್ಟ.

ಅವಳು ತನ್ನ ಕುತ್ತಿಗೆಯ ಬಟ್ಟೆ ಬಿಚ್ಚಿ ತಮ್ಮನ ಮೊಣಕೈಗೆ ಬಿಗಿಯಾಗಿ ಕಟ್ಟಿದಳು. ಬೇಕಂತಲೇ ಸ್ವಲ್ಪ ಜಾಸ್ತಿಯೇ ಬಿಗಿದಳು.

ಕಮರಿ ಇನ್ನೂ ಅರ್ಧ ಉಳಿದಿತ್ತು. ಜಗಲಿಯ ಕೆಳಗೆ ನೀರಿನ ಅಬ್ಬರ ಸ್ವಲ್ಪ ಇಳಿಯುವ ಕಡೆ ಎಲ್ಲರೂ ದೋಣಿ ಸೇರಿಸಿದರು. ಮೇಷ್ಟ್ರು ತಮ್ಮನಿಗೆ ಹೆಚ್ಚುವರಿ ಹುಟ್ಟು ಜೋಡಿಸಿ ಕೊಟ್ಟರು. ಆಗ ತಮ್ಮ ಅವಳ ಮುಂದೆ ಬಂದು ನಿಂತು, ಮುಖ ನೆಟ್ಟಗೆ ಹಿಡಿದು, ನಿಧಾನವಾಗಿ ಮಾತು ಶುರು ಮಾಡಿದ. ಕಿವಿ ಹೋದ ಮೇಲೆ ಮೊದಲ ಸಲ ಅವನು ಅವಳ ಹತ್ತಿರ ಅರಚದೆ ಮಾತಾಡಿದ್ದು.

"ಅಕ್ಕ, ತಪ್ಪಾಯ್ತು. ನನ್ನ ಕೈಯಿಂದ ಇವತ್ತು ಇಬ್ಬರು ಹೋಗಿರೋರು. ಅಪ್ಪ ಇದ್ದಿದ್ರೆ ನನ್ನನ್ನ ಇಲ್ಲೇ ಮುಳುಗಿಸ್ತಿದ್ದ. ನೀನಿಲ್ದೆ ಇದ್ದಿದ್ರೆ..." ಅವನ ತುಟಿ ನಡುಗಿತು. ಅವಳ ಕಣ್ಣಲ್ಲೂ ನೀರು ಬಂತು, ತಮ್ಮ ಅಲ್ಲವೇ, ಎಷ್ಟಾದರೂ. ಅವಳು ಒಂದು ಅಕ್ಷರವನ್ನೂ ಬಿಡದೆ ಓದುತ್ತಿದ್ದಳು. "ನೀನು ದೊಡ್ಡವಳು, ನಿನ್ನಷ್ಟು ಹೊಳೆ ಯಾರಿಗೂ ಗೊತ್ತಿಲ್ಲ, ಒಪ್ಕೋತೀನಿ. ಆದ್ರೆ..."

'ಆದ್ರೆ' ತುಟಿಯ ಮೇಲೆ ಬಂದದ್ದೇ ತಡ, ಅವಳು ಕಣ್ಣು ಮುಚ್ಚಿಕೊಂಡಳು.

ಗಟ್ಟಿಯಾಗಿ ಮುಚ್ಚಿಕೊಂಡಳು. ಅವನು ಏನೇನು ಹೇಳಿದನೋ, ಗಿರಾಕಿಗಳ ಮಾತೋ, ಜನರ ಮಾತೋ, ವಯಸ್ಸಿನ ಮಾತೋ, ಅದೆಲ್ಲ ಹೊಳೆಯ ಪಾಲಾಯಿತು. ಅವನು ಅವಳ ಹೆಗಲು ಹಿಡಿದು ಅಲುಗಿಸಿದ. ಅವಳು ಕಣ್ಣು ತೆರೆಯಲಿಲ್ಲ. ಮೇಷ್ಟ್ರು, ಬಡಗಿ ಏನು ಮಾಡುತ್ತಿದ್ದಾರೆ ಅಂತ ನೋಡುವ ಆಸೆ ಆಯಿತು, ಆದರೂ ತೆರೆಯಲಿಲ್ಲ. ಹೆಗಲ ಮೇಲಿನ ಕೈ ಸುಸ್ತಾಗಿ ಕೆಳಗಿಳಿದ ಮೇಲೆ ತೆರೆದಳು.

"ಮುಗೀತಾ?" ಅಂದಳು. "ಸರಿ. ಇನ್ಮೇಲೆ ಮುಂದಿನ ದೋಣಿ ನಂದು. ನಾಳೆ ಗಿರಾಕಿಗಳ ರಾಫ್ಟೂ ನಂದೇ. ನಿನಗೆ ಬೇಡ ಅನ್ಸಿದ್ರೆ ಊರಿಗೆಲ್ಲ ಹೇಳು, ಕಿವುಡಿ ನಮ್ಮನ್ನ ಉಳಿಸಿದಳು, ಅದಕ್ಕೇ ತೆಗೆದುಹಾಕಿದೆ ಅಂತ."

ಉತ್ತರ ನೋಡಲು ಅವಳು ನಿಲ್ಲಲಿಲ್ಲ. ದೋಣಿಗೆ ಕೂತು, ಹುಟ್ಟಿನಿಂದ ಕಲ್ಲನ್ನು ನೂಕಿ, ನಡುನೀರಿಗೆ ಬಿದ್ದಳು. ಹಿಂದೆ ಯಾರು ಬರುತ್ತಿದ್ದಾರೆ, ಯಾರು ಕೂಗುತ್ತಿದ್ದಾರೆ, ಅವಳಿಗೆ ತಿಳಿಯುವ ಹಾಗಿರಲಿಲ್ಲ. ಯಾರೂ ಬರದಿದ್ದರೆ ಒಬ್ಬಳೇ ಇಳಿಯುತ್ತೇನೆ, ಹಾಳಾಗಿ ಹೋಗಲಿ ಅಂದುಕೊಂಡಳು.

ಬಿಳಿ ಗೋಡೆ ತಿರುಗುವ ಮೂಲೆಯಲ್ಲಿ, ಮುಂದಿನ ದೋಣಿಯವರು ಯಾವಾಗಲೂ ಮಾಡಬೇಕಾದ ಹಾಗೆ, ಅವಳು ತಿರುಗಿ ನೋಡಿದಳು. ಬಡಗಿ ಬರುತ್ತಿದ್ದ. ಅವನ ಹಿಂದೆ ಮೇಷ್ಟ್ರು. ಎಲ್ಲರಿಗಿಂತ ಹಿಂದೆ ತಮ್ಮ, ಬಾಯಿ ಮುಚ್ಚಿಕೊಂಡು ಹುಟ್ಟು ಹಾಕುತ್ತಿದ್ದ.